ಮಂಜಿನಲ್ಲಿ ಕೂಗಿದ ಚುಕ್ಕೆ ಹುಂಜ

ವೆಸ್ಟರ್‌ಡೀಕ್‌ನಲ್ಲಿ ಯಾರನ್ನಾದರೂ ತಡೆದು ನಿಲ್ಲಿಸಿ, ತಾಲ್ಕೆ ಎಂಥ ಹೆಂಗಸು ಎಂದು ಕೇಳಿ. ಗಂಡೆದೆಯವಳು ಎನ್ನುತ್ತಾರೆ. ಬೇಕರಿಯವಳು ಅದನ್ನೇ ಹೇಳುತ್ತಾಳೆ, ಪಾದ್ರಿಗಳೂ ಅದನ್ನೇ ಹೇಳುತ್ತಾರೆ. ಒಮ್ಮೆ ಪತ್ರಿಕೆಯವನೊಬ್ಬ ಪಟ್ಟಣದಿಂದ ಬಂದು ಅವಳ ಫೋಟೋ ತೆಗೆದು, ‘ಹೆದರಿಕೆ ಎಂದರೇನೆಂದು ಅರಿಯದ ಟಪಾಲಿನಾಕೆ’ ಎಂದು ಅರ್ಧ ಪುಟ ಬರೆದೂ ಬಿಟ್ಟ. ಆ ಕಾಗದವನ್ನು ಅವಳ ಗಂಡ ಹಾರ್ಕ್ ಕಕ್ಕಸಿನ ಗೋಡೆಗೆ ಅಂಟಿಸಿದ್ದಾನೆ. ಬಂದ ನೆಂಟರೆಲ್ಲ ಓದಿಕೊಂಡೇ ಹೊರಗೆ ಬರಬೇಕು.

ಅಷ್ಟೂ ಸುಳ್ಳು. ತಾಲ್ಕೆಯಂಥ ಪುಕ್ಕಲಿ ನಮ್ಮ ಇಡೀ ಕರಾವಳಿಯಲ್ಲಿ ಇನ್ನೊಬ್ಬಳಿಲ್ಲ.

ಅವಳ ಕೆಲಸ ಹೀಗೆ. ವಾರಕ್ಕೆ ಎರಡು ಸಲ, ಕಡಲು ಇಳಿದು ಹಿಂದೆ ಸರಿದಾಗ, ಅವಳು ಕಡಲು ತಡೆಯುವ ಮಣ್ಣಿನ ಏರಿಯಿಂದ ಕೆಳಗಿಳಿದು ಏಳು ಕಿಲೋಮೀಟರು ಕೆಸರುಬಯಲು ದಾಟಿ ಓಲ್ಡರ್‌ಸಾಂಡ್‌ಗೆ ಟಪಾಲು ಒಯ್ಯಬೇಕು. ಓಲ್ಡರ್‌ಸಾಂಡ್ ಎಂದರೆ ನೀರಿನ ನಡುವೆ ಒಂದು ಹುಲ್ಲಿನ ತುಂಡು, ಅದರ ಮೇಲೊಂದು ಮಣ್ಣಿನ ದಿಬ್ಬ, ದಿಬ್ಬದ ಮೇಲೊಂದು ಮನೆ. ಆ ಮನೆಯಲ್ಲಿ ವೀಬ್ಕೆ, ಅವಳ ಗಂಡ, ಅರವತ್ತು ಕುರಿ. ಕಡಲು ಆರು ಗಂಟೆ ಇಳಿಯುತ್ತದೆ, ಆರು ಗಂಟೆ ಏರುತ್ತದೆ. ಬೆಳಿಗ್ಗೆ ಕಾಲಿಟ್ಟು ನಡೆದ ಜಾಗದಲ್ಲಿ ಸಂಜೆಗೆ ಎರಡಾಳು ನೀರು. ಕಡಲಿಗೆ ಗಡಿಯಾರ ಉಂಟು, ಕರುಣೆ ಇಲ್ಲ ಎಂದು ನಮ್ಮಲ್ಲಿ ಮುದುಕರು ಹೇಳುತ್ತಾರೆ.

ಅವಳಿಗೆ ಮುಂಚೆ ಈ ಚೀಲ ಅವಳ ಅಪ್ಪನ ಹೆಗಲಲ್ಲಿತ್ತು. ಅಪ್ಪನ ಸೊಂಟ ಬಿದ್ದ ವರ್ಷ, ಇಪ್ಪತ್ತೊಂಬತ್ತರ ತಾಲ್ಕೆ ಚೀಲ ಹೊತ್ತಳು. ಬೇಡ ಎನ್ನುವುದಕ್ಕೂ ಹೆದರಿಕೆಯಾಗಿತ್ತು ಎಂದೇ ಹೊತ್ತದ್ದು. ಅಂದಿನಿಂದ ಮೂವತ್ತೊಂದು ವರ್ಷ, ಪ್ರತಿ ಸಲ, ಏರಿಯ ಮೇಲಿನ ಕುರಿಕೊಟ್ಟಿಗೆಯ ಹಿಂದೆ ಹೋಗಿ ತಿಂದದ್ದನ್ನೆಲ್ಲ ಕಕ್ಕಿ, ಬಾಯಿ ಮುಕ್ಕಳಿಸಿ, ಆಮೇಲೆ ಕೆಳಗಿಳಿಯುತ್ತಾಳೆ. ಹಾರ್ಕ್‌ಗೆ ಗೊತ್ತಿಲ್ಲ. ಊರಿಗೆ ಗೊತ್ತಿಲ್ಲ. ಕುರಿಗಳಿಗೆ ಗೊತ್ತು, ಆದರೆ ಅವು ಯಾರಿಗೂ ಹೇಳುವುದಿಲ್ಲ.

ಅರವತ್ತಾದಾಗ ಮಂಡಿ ಕೈಕೊಟ್ಟಿತು. ಟಪಾಲು ಕಚೇರಿಯವರು ಅವಳ ಜಾಗಕ್ಕೆ ಟೋರ್ಬೆನ್ ಎಂಬವನನ್ನು ಕಳಿಸಿದರು. ನಲವತ್ತೆರಡು ವರ್ಷ, ಉದ್ದ ಕಾಲು, ಫ್ಲೆನ್ಸ್‌ಬುರ್ಗ್‌ನಲ್ಲಿ ಹನ್ನೆರಡು ವರ್ಷ ಬಸ್ಸು ಓಡಿಸಿದವನು. ಹೆಂಡತಿಯೂ ಅವನೂ ಬೇರೆಯಾದ ಮೇಲೆ ಬಸ್ಸೂ ಸಾಕಾಯಿತಂತೆ. ಬಾಯಿ ಸುಮ್ಮನಿರದ ಪ್ರಾಣಿ. ಸಿಕ್ಕವರಿಗೆಲ್ಲ ತಮಾಷೆ ಮಾಡುತ್ತಾನೆ, ತಮಾಷೆಗೆ ತಾನೇ ಮೊದಲು ನಗುತ್ತಾನೆ. ತಾಲ್ಕೆ ಅವನನ್ನು ಬೇಸಿಗೆ ಪೂರ್ತಿ ಹಿಂದೆ ಹಾಕಿಕೊಂಡು ನಡೆಸಿದಳು. ಅವನು ಎಲ್ಲವನ್ನೂ ಬೇಗ ಕಲಿತ. ಆದರೆ ಒಂದು ದಿನವೂ ಅವನ ಮುಖದಲ್ಲಿ ಭಯ ಕಾಣಲಿಲ್ಲ, ಅದೇ ತಾಲ್ಕೆಯ ನಿದ್ದೆ ಕೆಡಿಸುತ್ತಿತ್ತು. ಹೆದರದವನ ಹೆಗಲಿಗೆ ಚೀಲ ಹಾಕಿದರೆ ಕೊಂದ ಹಾಗೇ ಎಂದು ಅವಳಪ್ಪ ಹೇಳುತ್ತಿದ್ದ. ಆ ಮಾತು ಅವಳ ತಲೆಯಿಂದ ಹೋಗಿರಲಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಗುರುವಾರ. ಕಡಲು ಪೂರ್ತಿ ಇಳಿಯುವುದು ಹನ್ನೊಂದೂ ನಲವತ್ತಕ್ಕೆ, ಹಾಗಾಗಿ ಒಂಬತ್ತೂವರೆಗೆ ಹೊರಡಬೇಕು. ಕೊಟ್ಟಿಗೆಯ ಹಿಂದಿನ ಕೆಲಸ ಮುಗಿಸಿ ತಾಲ್ಕೆ ಏರಿಯ ಮೆಟ್ಟಿಲಿಗೆ ಬಂದಾಗ ಟೋರ್ಬೆನ್ ಆಗಲೇ ಬರಿಗಾಲಲ್ಲಿ ನಿಂತಿದ್ದ. ಎದೆಯ ಪಟ್ಟಿಗೆ ಏನೋ ಡಬ್ಬ ಕಟ್ಟಿಕೊಂಡಿದ್ದ. ಅದರಿಂದ ಹಾಡು ಬರುತ್ತಿತ್ತು.

“ಮೋಯ್ನ್, ತಾಲ್ಕೆ!” ಎಂದು ನಮ್ಮ ಕಡೆಯ ನಮಸ್ಕಾರ ಹೇಳಿದ. “ಇವತ್ತು ನಾನು ಮುಂದೆ ಅಲ್ವಾ?”

“ಮುಂದೆ ನೀನೇ. ಆ ಡಬ್ಬ ಎಂಥದು ಮಾರಾಯ?”

“ಸ್ಪೀಕರು. ಫೋನಲ್ಲಿ ಹಾಡು ಹಾಕಿದ್ರೆ ತಂತಿ ಗಿಂತಿ ಏನೂ ಇಲ್ದೆ ಇದು ಹಾಡುತ್ತೆ. ನೋಡಿ, ಹಳೇ ಕಾಲದ ಟೀವಿ ತರ ಮಾಡಿದಾರೆ.”

ನೋಡಿದಳು. ಎರಡು ಮುಷ್ಟಿ ಗಾತ್ರ, ಬೆಣ್ಣೆ ಬಣ್ಣ. ಮೇಲೊಂದು ತಿರುಗಿಸುವ ಗುಂಡಿ, ಕೆಳಗೆ ಸಾಲಾಗಿ ಒತ್ತುವ ಗುಂಡಿಗಳು. ಮುಂಭಾಗದಲ್ಲಿ ಪುಟ್ಟ ಪರದೆ, ಅದರಲ್ಲಿ ಹದಿನಾರು ಸಾಲು, ಸಾಲಿಗೆ ಹದಿನಾರು ಬೆಳಕಿನ ಚುಕ್ಕೆ. ಎಳೆ ಎಣಿಸಿ ಹೊಲಿದ ಕಸೂತಿಯ ಹಾಗೆ ಆ ಚುಕ್ಕೆಗಳಲ್ಲೇ ಚಿತ್ರ ಮೂಡುತ್ತಿತ್ತು. ಈಗ ಅಲ್ಲಿ ಹಳದಿ ಬಣ್ಣದ್ದೇನೋ ಅಲ್ಲಾಡುತ್ತಿತ್ತು.

“ಇದು ನೀವು,” ಎಂದ ಟೋರ್ಬೆನ್. “ನಿನ್ನೆ ಕೂತು ಬಿಡಿಸಿದೆ. ಹಳದಿ ಮಳೆಕೋಟು, ಹೆಗಲಲ್ಲಿ ಚೀಲ. ನಡೀತಾ ಇದೀರಿ ನೋಡಿ.”

“ಇದು ಚೀಸ್ ತುಂಡು.”

“ಕಾಲಿದೆಯಲ್ಲ!”

“ಕಾಲಿರೋ ಚೀಸ್ ತುಂಡು. ನಡಿ ಇನ್ನು, ಕಡಲು ನಿನ್ನ ಹಾಡು ಮುಗೀಲಿ ಅಂತ ಕಾಯಲ್ಲ.”

ಇಳಿಯುವ ಮುಂಚೆ ಅವಳು ಕುತ್ತಿಗೆಯಿಂದ ಅಪ್ಪನ ಹಿತ್ತಾಳೆ ದಿಕ್ಸೂಚಿಯನ್ನು ತೆಗೆದು ಅವನ ಕೊರಳಿಗೆ ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಅದು ಇನ್ನೊಬ್ಬರ ಕೊರಳಿಗೆ ಹೋದದ್ದು ಅದೇ ಮೊದಲು. ಅದು ದಾರದಲ್ಲಿ ಇಳಿದು ಅವನ ಎದೆಯ ಡಬ್ಬದ ನೆತ್ತಿಯ ಮೇಲೆ ಟಪ್ಪೆಂದು ಕೂತಿತು.

“ಅಪ್ಪ ಹೇಳ್ತಿದ್ದ ಮಾತು ಬಾಯಿಪಾಠ ಇದೆಯಾ?”

“ಮಂಜು ಬಂದ್ರೆ ಕಾಲನ್ನ ನಂಬಬೇಡ, ಮುಳ್ಳನ್ನ ನಂಬು,” ಎಂದು ಒಪ್ಪಿಸಿದ ಟೋರ್ಬೆನ್.

ಮಾತು ನಿಜವೇ. ಮಂಜಿನಲ್ಲಿ ಮನುಷ್ಯ ನೆಟ್ಟಗೆ ಹೋಗುತ್ತಿದ್ದೇನೆ ಅಂದುಕೊಂಡು ಗಾಣದ ಎತ್ತಿನ ಹಾಗೆ ಸುತ್ತುತ್ತಾನೆ. ಹಾಗೆ ಸುತ್ತಿ ಸತ್ತವರ ಹೆಸರುಗಳು ನಮ್ಮ ಚರ್ಚಿನ ಗೋಡೆಯಲ್ಲಿವೆ. ಹೆಸರುಗಳು ಹೆಚ್ಚಾಗಿ ಹಾಡಿನ ಪುಸ್ತಕ ಇಡುವ ಕಪಾಟಿನ ಹಿಂದೆ ಮುಚ್ಚಿಹೋಗಿವೆ, ಅಷ್ಟೇ.

ಹೊರಟರು. ಬಿಸಿಲು ಚೆನ್ನಾಗಿತ್ತು. ಮುಂದೆ ಟೋರ್ಬೆನ್, ಅವನ ಎದೆಯ ಮೇಲೆ ಡಬ್ಬ, ಡಬ್ಬದ ಮೇಲೆ ದಿಕ್ಸೂಚಿ. ಹಿಂದೆ ಚೀಲ ಹೊತ್ತ ತಾಲ್ಕೆ. ಹಾಡಿಗೆ ತಕ್ಕಂತೆ ಹೆಜ್ಜೆ ಬೀಳುತ್ತಿತ್ತು. ಹೇಳಬಾರದು, ಆದರೂ ಹೇಳುತ್ತೇನೆ, ತಾಲ್ಕೆಗೆ ಅದು ಹಿತವಾಗಿತ್ತು. ಎಂದೂ ಇಲ್ಲದೆ ಹೊಟ್ಟೆಯ ಗಂಟು ಸಡಿಲವಾಗಿತ್ತು. ಈ ಹಾಳು ಡಬ್ಬ ಮೂವತ್ತು ವರ್ಷದ ಹಿಂದೆಯೇ ಇದ್ದಿದ್ದರೆ ಎಷ್ಟು ಊಟ ಉಳಿಯುತ್ತಿತ್ತು ಎಂದು ಅಂದುಕೊಂಡಳು. ಹೆದರಿಕೆಯನ್ನು ಅಷ್ಟು ಹೊತ್ತು ಮರೆತದ್ದೇ ಅವಳ ತಪ್ಪು.

ಹತ್ತೂವರೆಗೆ ಮಂಜು ಬಂತು. ಸಮುದ್ರದ ಕಡೆಯಿಂದ ಎದ್ದು, ಕಣ್ಣು ಮಿಟುಕಿಸುವುದರಲ್ಲಿ ಏರಿಯನ್ನು ನುಂಗಿತು, ಓಲ್ಡರ್‌ಸಾಂಡ್‌ನ ದಿಬ್ಬವನ್ನು ನುಂಗಿತು. ಐದು ಹೆಜ್ಜೆ ಮುಂದಿದ್ದ ಟೋರ್ಬೆನ್ ಬೂದುಬಣ್ಣದ ನೆರಳಾದ. ಅರ್ಧ ದಾರಿಯ ಹತ್ತಿರ ಬಂದಿದ್ದರು. ಹಿಂದಕ್ಕೆ ಹೋದರೂ ಅಷ್ಟೇ, ಮುಂದಕ್ಕೆ ಹೋದರೂ ಅಷ್ಟೇ.

“ಮುಳ್ಳು ಎಲ್ಲಿದೆ?”

“ಇರಬೇಕಾದ ಕಡೇನೇ ಇದೆ.”

ಅವಳು ಅವನ ಹೆಗಲ ಮೇಲಿಂದ ಇಣುಕಿದಳು. ಹೌದು, ಪಶ್ಚಿಮಕ್ಕಿಂತ ಒಂದು ಕೂದಲು ದಕ್ಷಿಣಕ್ಕೆ, ಅಪ್ಪ ಗೀರಿದ ಗುರುತಿಗೆ ಸರಿಯಾಗಿ ಹೋಗುತ್ತಿದ್ದರು. ಸರಿ, ನಡಿ ಎಂದಳು.

ಆದರೆ ಅವಳ ಅಂಗಾಲು ಬೇರೆ ಮಾತು ಹೇಳುತ್ತಿತ್ತು. ನೀರು ಇಳಿದುಹೋದ ಮರಳಲ್ಲಿ ಅಲೆಯ ಗೆರೆಗಳಿರುತ್ತವೆ. ಓಲ್ಡರ್‌ಸಾಂಡ್‌ನ ದಾರಿಯಲ್ಲಿ ಆ ಗೆರೆಗಳು ಅಂಗಾಲಿಗೆ ಓರೆಯಾಗಿ ತಾಗಬೇಕು. ಈಗ ಉದ್ದುದ್ದಕ್ಕೆ ತಾಗುತ್ತಿದ್ದವು. ಹತ್ತೂಮುಕ್ಕಾಲಿನ ಒಳಗೆ ಕಪ್ಪೆಚಿಪ್ಪಿನ ದಿಬ್ಬ ಸಿಗಬೇಕಿತ್ತು. ಸಿಗಲಿಲ್ಲ.

“ಟೋರ್ಬೆನ್, ಚಿಪ್ಪಿನ ದಿಬ್ಬ ಎಲ್ಲಿ ಹೋಯ್ತು?”

“ಬರುತ್ತೆ ಬಿಡಿ, ದಿಬ್ಬ ಎಲ್ಲಿಗೆ ಹೋಗುತ್ತೆ? ಅದಕ್ಕೇನು ರಜೆ ಇದೆಯಾ?”

ಇದು ತಪ್ಪು, ತಪ್ಪು, ತಿರುಗು ಎಂದು ಮೈಯೆಲ್ಲ ಕಿರುಚುತ್ತಿತ್ತು. ಆದರೆ ಕಾಲನ್ನು ನಂಬಬಾರದಲ್ಲ! ಮುಳ್ಳು ಸರಿಯಾಗಿದೆ, ಹೆದರಿಕೆಯಿಂದ ನನ್ನ ತಲೆಯೇ ಕೆಟ್ಟಿದೆ ಎಂದು ತನ್ನನ್ನೇ ಬೈದುಕೊಂಡು ನಡೆದಳು. ಮೂವತ್ತೊಂದು ವರ್ಷ ಅವಳ ಜೀವ ಕಾಪಾಡಿದ್ದ ಮಾತನ್ನೇ ಅವಳು ಪಾಲಿಸಿದಳು.

ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಹನ್ನೊಂದೂ ನಲವತ್ತಕ್ಕೆ ವೀಬ್ಕೆಯ ಮನೆಯ ಚಹಾ ಕೈಯಲ್ಲಿರಬೇಕಿತ್ತು. ಹನ್ನೊಂದೂ ಮುಕ್ಕಾಲಿಗೆ ಹಾಡು ಥಟ್ಟನೆ ನಿಂತಿತು. ಟೋರ್ಬೆನ್ ಫೋನು ತೆಗೆದು ಒತ್ತಿದ, ಉಜ್ಜಿದ, ಬಾಯಿಂದ ಊದಿದ.

“ಸತ್ತುಹೋಯ್ತು. ಚಳಿಗೆ ಬ್ಯಾಟರಿ ಹೋಗಿದೆ. ಬೆಳಗಿಂದ ಹಾಡ್ತಾನೇ ಇತ್ತಲ್ಲ.”

“ನಾವು ಎಲ್ಲಿದೀವಿ ಅಂತ ಅದರಲ್ಲಿ ತಾನೇ ನೋಡೋದು?”

“ಹೌದು,” ಎಂದ. ಆ ‘ಹೌದು’ ಬಹಳ ಸಣ್ಣದಾಗಿತ್ತು.

ಹಾಡು ನಿಂತ ಮೇಲೆ ಅವಳಿಗೆ ಇನ್ನೊಂದು ಸದ್ದು ಕೇಳಿತು. ಬಲಗಡೆ, ತೀರ ಹತ್ತಿರದಲ್ಲಿ, ಗಳಗಳ ಗಳಗಳ. ತುಂಬ ನೀರು ಒಂದೇ ಕಡೆಗೆ ನುಗ್ಗುವ ಸದ್ದು. ಅದು ದೊಡ್ಡ ತೋಡು. ಕಡಲು ಏರುವಾಗ ಮೊದಲು ತುಂಬುವುದೇ ಆ ತೋಡು. ಓಲ್ಡರ್‌ಸಾಂಡ್‌ಗೆ ಹೋಗುವವರು ಅದರ ಮೂರು ಕಿಲೋಮೀಟರು ಹತ್ತಿರಕ್ಕೂ ಬರಬಾರದು.

“ಕಂಪಾಸು ಕೊಡು.”

ಅವಳೇ ಕೈ ಚಾಚಿ ದಾರವನ್ನು ಅವನ ತಲೆಯಿಂದ ಕಿತ್ತು ತನ್ನ ಕಡೆ ಎಳೆದಳು. ಎಳೆಯುತ್ತಿದ್ದ ಹಾಗೇ ಅವಳ ಕಣ್ಣೆದುರಿಗೇ ಮುಳ್ಳು ಹೊರಳಿತು. ಸುಮಾರು ಕಾಲು ಸುತ್ತು. ಅವಳು ಅದನ್ನು ಮತ್ತೆ ಡಬ್ಬದ ಹತ್ತಿರ ಒಯ್ದಳು. ಮುಳ್ಳು ಹಿಂದಕ್ಕೆ ಹೊರಳಿತು. ದೂರ ತಂದಳು, ಮುಂದಕ್ಕೆ ಹೊರಳಿತು.

“ಅಯ್ಯೋ ದೇವರೇ! ಈ ಡಬ್ಬದ ಒಳಗೆ ಏನಿದೆ?”

ಟೋರ್ಬೆನ್ ಡಬ್ಬವನ್ನು ಎರಡೂ ಕೈಯಿಂದ ಮುಚ್ಚಿಕೊಂಡ. “ಅಯಸ್ಕಾಂತ,” ಎಂದ ಕೊನೆಗೆ. “ಎಲ್ಲಾ ಸ್ಪೀಕರಲ್ಲೂ ಇರುತ್ತೆ. ನನಗೆ ಗೊತ್ತಿತ್ತು. ಗೊತ್ತಿತ್ತು, ಹೊಳೀಲಿಲ್ಲ.”

“ಕತ್ತೆ!”

“ಹೌದು.”

“ನಾನೂ ಕತ್ತೆ. ಕೊರಳಿಗೆ ಹಾಕಿದವಳು ನಾನೇ ತಾನೇ?”

ಅವಳ ಹತ್ತಿರ ಹಳೇ ಗುಂಡಿಯ ಫೋನೊಂದಿತ್ತು. ಒಂದೇ ಒಂದು ಗೆರೆ ಸಿಗ್ನಲ್ಲು. ಓಲ್ಡರ್‌ಸಾಂಡ್‌ಗೆ ಮಾಡಿದಳು. ವೀಬ್ಕೆ ಮೊದಲ ಗಂಟೆಗೇ ಎತ್ತಿದಳು.

“ಎಲ್ಲಿದೀಯೇ? ಚಹಾ ಆರಿ ಹೋಯ್ತು!”

“ದೊಡ್ಡ ತೋಡಿನ ದಡದಲ್ಲಿ.”

ವೀಬ್ಕೆ ಹೇಳಿದಳು, “ರಕ್ಷಣಾ ದೋಣಿಯವರಿಗೆ ಹೇಳ್ತೀನಿ. ಆದ್ರೆ ತಾಲ್ಕೆ...”

“ಗೊತ್ತು ಕಣೇ. ದೋಣಿ ತೇಲ್ಬೇಕಾದ್ರೆ ನೀರು ಬರ್ಬೇಕು. ಅಷ್ಟು ನೀರು ಬಂದ್ಮೇಲೆ ದೋಣಿ ಬಂದು ಏನು ಮಾಡುತ್ತೆ? ಹೆಲಿಕಾಪ್ಟರು ಈ ಮಂಜಲ್ಲಿ ಹಾರಲ್ಲ. ಹೇಳೋದು ಹೇಳು. ನೀನು ಹೊರಗೆ ಬಂದು ಏನಾದ್ರೂ ಬಡಿ.”

“ಹಾಲಿನ ಕ್ಯಾನು ಬಡೀತೀನಿ. ನೀನು ಬರೋವರೆಗೂ ನಿಲ್ಸಲ್ಲ, ಕೇಳಿಸ್ತಾ? ನಿಲ್ಸಲ್ಲ!”

ತೋಡು ಎಲ್ಲಿದೆ ಎಂದು ಗೊತ್ತಾಯಿತಲ್ಲ, ಹಾಗಾದರೆ ತಾವು ಎಲ್ಲಿದ್ದೇವೆ ಎಂದೂ ಗೊತ್ತಾಯಿತು. ಇಲ್ಲಿಂದ ದಕ್ಷಿಣಕ್ಕೆ ಹೋದರೆ ಚಿಪ್ಪಿನ ದಿಬ್ಬ, ದಿಬ್ಬದಿಂದ ಪಶ್ಚಿಮಕ್ಕೆ ವೀಬ್ಕೆ. ಮಾಮೂಲಿ ಕಾಲಕ್ಕೆ ಎರಡು ಗಂಟೆಯ ದಾರಿ. ಈಗ ಅಷ್ಟು ಕಾಲ ಇದೆಯೋ ಇಲ್ಲವೋ, ಅವಳು ಲೆಕ್ಕ ಹಾಕಲು ಹೋಗಲಿಲ್ಲ. ಲೆಕ್ಕ ಹಾಕಿದರೆ ಕಾಲು ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಟೋರ್ಬೆನ್ ಡಬ್ಬವನ್ನು ಪಟ್ಟಿಯಿಂದ ಬಿಚ್ಚಿ ಎಸೆಯಲು ಕೈ ಎತ್ತಿದ್ದ. ಅವಳು ಆ ಕೈಯನ್ನು ಹಿಡಿದಳು.

“ತಾಳು. ಫೋನಿಲ್ದೆ ಇದು ಸದ್ದು ಮಾಡುತ್ತಾ?”

“ಅಲಾರಾಂ ಇದೆ. ಒಳಗೇ ಒಂದಷ್ಟು ಸದ್ದು ತುಂಬಿದಾರೆ.”

“ಹಾಗಾದ್ರೆ ಕೇಳು. ನನ್ನ ಕಣ್ಣು ಮುಳ್ಳಿನ ಮೇಲಿರ್ಬೇಕು, ಹಿಂದೆ ತಿರುಗಿ ನೋಡಕ್ಕಾಗಲ್ಲ. ನೀನು ಹತ್ತು ಹೆಜ್ಜೆ ಹಿಂದೆ ಬಾ, ಹತ್ರ ಬರ್ಬೇಡ. ಅದು ಕೂಗ್ತಾ ಇರ್ಲಿ. ಕೂಗಿದ್ರೆ ನೀನಿದೀಯ ಅಂತ. ಬಾಯಲ್ಲಿ ಕೂಗ್ಬೇಡ, ಉಸಿರು ಬೇಕು ನಿನಗೆ.”

ಅವನು ಒಂದು ಗುಂಡಿ ಒತ್ತಿದ. ಡಬ್ಬದಿಂದ ಸೊಯ್ಯೆಂದು ಕಡಲ ತೆರೆಗಳ ಸದ್ದು ಬಂತು. ನಿದ್ದೆ ಬರದವರಿಗೆ ನಿದ್ದೆ ಬರಲಿ ಎಂದು ತುಂಬಿದ ಸದ್ದಂತೆ ಅದು. ತಾಲ್ಕೆ ನಿಂತಲ್ಲೇ ಹಾರಿಬಿದ್ದಳು.

“ನಿಲ್ಸೋ ಅದನ್ನ! ನಿನ್ನ ವಂಶ ನಾಶ ಆಗ, ನಿಲ್ಸು!”

ಅವನು ಆತುರಾತುರವಾಗಿ ಇನ್ನೊಂದು ಗುಂಡಿ ಒತ್ತಿದ. ಪರದೆಯ ಮೇಲೆ ಚುಕ್ಕೆಗಳಲ್ಲಿ ಹುಂಜವೊಂದು ಎದ್ದಿತು, ಕೆಂಪು ಜುಟ್ಟು, ಹಳದಿ ಕೊಕ್ಕು. ರೆಕ್ಕೆ ಬಡಿದು ಕೊಕ್ಕೊಕ್ಕೋ ಎಂದು ಕೂಗಿತು. ಅದೇ ಆಗಬಹುದು ಎಂದಳು.

ಹಾಗೆ ಹೊರಟರು. ಮುಂದೆ ಮುಳ್ಳಿಗೆ ಕಣ್ಣು ನೆಟ್ಟ ಮುದುಕಿ, ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಕಡಲ ನಡುವೆ ಕೂಗುವ ಹುಂಜ. ಬೇರೆ ಯಾವ ದಿನವಾದರೂ ನಕ್ಕು ನಕ್ಕು ಬೀಳಬಹುದಿತ್ತು. ಮರಳಿನ ಗೆರೆಗಳ ನಡುವೆ ನೀರು ಬರತೊಡಗಿತ್ತು. ಅದು ಅಬ್ಬರಿಸಿಕೊಂಡು ಬರುವುದಿಲ್ಲ. ಎಲ್ಲ ಕಡೆಯಿಂದ, ಹೇಳದೆ ಕೇಳದೆ, ಹಾಲು ಚೆಲ್ಲಿದ ಹಾಗೆ ಹರಡುತ್ತದೆ. ಬೆರಳು ಮುಳುಗಿತು, ಆಮೇಲೆ ಹಿಮ್ಮಡಿ.

ಕೊಕ್ಕೊಕ್ಕೋ. ಒಳ್ಳೇದು, ಇದಾನೆ. ಕೊಕ್ಕೊಕ್ಕೋ. ಇದಾನೆ. ಅವಳು ಹುಂಜದ ಕೂಗಿನ ಜೊತೆಗೇ ಉಸಿರಾಡುತ್ತಿದ್ದಳು.

ಕೂಗು ನಿಂತಿತು.

ನಾನು ತಾಲ್ಕೆಯ ಕಥೆ ಹೇಳುತ್ತಿದ್ದೇನೆ, ಆದ್ದರಿಂದ ಇದನ್ನೂ ಹೇಳಬೇಕು. ಅವಳು ನಿಲ್ಲಲಿಲ್ಲ. ಕೂಗು ನಿಂತರೆ ನಿಲ್ಲಬೇಕೆಂದು ಮನಸ್ಸಲ್ಲಿ ಇಟ್ಟುಕೊಂಡವಳೇ ಅವಳು, ಆದರೂ ಕಾಲು ನಿಲ್ಲಲಿಲ್ಲ. ಓಡು, ಒಬ್ಬಳೇ ಆದರೆ ತಲುಪುತ್ತೀಯ, ಓಡು ಎಂದು ಹೆದರಿಕೆ ಅವಳ ಬೆನ್ನಿಗೆ ಕೈಯಿಟ್ಟು ತಳ್ಳಿತು. ಒಂದು ಹೆಜ್ಜೆ ಇಟ್ಟಳು. ಎರಡು. ಮೂರು. ನೀರಲ್ಲಿ ಹೆಜ್ಜೆಯ ಸದ್ದು ಅವಳಿಗೇ ಕೇಳಿತು, ಪಚಕ್, ಪಚಕ್, ಪಚಕ್.

ಆಮೇಲೆ ನಿಂತಳು. ತಿರುಗಿದಳು.

“ಟೋರ್ಬೆನ್!”

ಉತ್ತರ ಬರಲಿಲ್ಲ. ಮಂಜು ಬಾಯಿಗೆ ಬಟ್ಟೆ ತುರುಕಿದ ಹಾಗಿತ್ತು. ಬಂದ ದಾರಿಯಲ್ಲೇ ಹೆಜ್ಜೆ ಎಣಿಸಿಕೊಂಡು ಹಿಂದಕ್ಕೆ ಹೋದಳು. ಹನ್ನೆರಡು ಎಣಿಸಿದಳು. ಯಾರೂ ಇಲ್ಲ. ಸ್ವಲ್ಪ ಎಡಕ್ಕೆ ಸರಿದಳು. ಆಗ ಬೂದುಬಣ್ಣದಲ್ಲಿ ಒಂದು ಕೆಂಪು ಚುಕ್ಕೆ ಕಾಣಿಸಿತು. ನೀರಿನ ಮಟ್ಟಕ್ಕೆ, ಮಿಣಮಿಣ ಎಂದು. ಹುಂಜದ ಜುಟ್ಟು. ಡಬ್ಬದ ಬಾಯಿಗೆಲ್ಲ ಕೆಸರು ತುಂಬಿ ಸ್ವರ ಸತ್ತಿತ್ತು, ಚಿತ್ರ ಮಾತ್ರ ಕೊಕ್ಕು ತೆರೆದು ಮುಚ್ಚಿ, ತೆರೆದು ಮುಚ್ಚಿ ಮೂಕವಾಗಿ ಕೂಗುತ್ತಿತ್ತು. ಆ ಡಬ್ಬವನ್ನು ತಲೆಯೆತ್ತರ ಹಿಡಿಯಲು ನೋಡುತ್ತ, ತೊಡೆಯವರೆಗೆ ಹೂಳಿನಲ್ಲಿ ಕುಸಿದು ಟೋರ್ಬೆನ್ ನಿಂತಿದ್ದ. ಮುಖದ ತುಂಬ ಕೆಸರು. ಕೂಗಲು ಬಾಯಿ ತೆರೆಯುತ್ತಿದ್ದ, ಸದ್ದು ಬರುತ್ತಿರಲಿಲ್ಲ.

“ಹಿಂದಕ್ಕೆ ಮಲಕ್ಕೋ! ನೆಟ್ಟಗೆ ನಿಂತ್ರೆ ಇನ್ನೂ ಎಳೆಯುತ್ತೆ. ಹಾಸಿಗೆ ಮೇಲೆ ಮಲಗಿದ ಹಾಗೆ ಮಲಕ್ಕೋ.”

“ಆಗ್ತಾ ಇಲ್ಲ. ಮುಳುಗಿ ಹೋಗ್ತೀನಿ.”

“ಮುಳುಗಲ್ಲ, ನಾನಿದೀನಿ. ಮಲಗು. ಈಗ ಎಡಗಾಲು ಅಲ್ಲಾಡ್ಸು, ಎಳೀಬೇಡ, ಅಲ್ಲಾಡ್ಸು. ಕಾಲಿನ ಸುತ್ತ ನೀರು ಹೋಗ್ಬೇಕು.”

ಅವಳು ಚೀಲವನ್ನು ಹೂಳಿನ ಮೇಲೆ ಹಾಸಿ, ಅದರ ಮೇಲೆ ಮಂಡಿಯೂರಿ, ಅವನ ಕಂಕುಳಿಗೆ ಕೈ ಹಾಕಿದಳು. ಮೂವತ್ತೊಂದು ವರ್ಷದಲ್ಲಿ ಟಪಾಲಿನ ಚೀಲ ನೆಲಕ್ಕೆ ತಾಗಿದ್ದು ಅದೊಂದೇ ಸಲ. ಎಷ್ಟು ಹೊತ್ತು ಹಿಡಿಯಿತೋ ಅವಳಿಗೂ ಗೊತ್ತಿಲ್ಲ. ಎಡಗಾಲು ಬಂತು, ಬಲಗಾಲು ಬಂತು. ಎದ್ದು ನಿಂತಾಗ ನೀರು ಮೀನಖಂಡ ಮುಟ್ಟಿತ್ತು.

“ನನಗೆ ಭಯ ಆಗ್ತಿದೆ ಕಣೋ,” ಎಂದಳು ತಾಲ್ಕೆ. ಆ ಮಾತನ್ನು ಅವಳು ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದು. “ಪ್ರತಿ ಸಲ ಆಗುತ್ತೆ. ಬಿಟ್ಟೇ ಹೋಗಲ್ಲ. ನಡಿ ಈಗ.”

ಅವನು ಮಳೆಕೋಟಿನ ಸೊಂಟಪಟ್ಟಿ ಬಿಚ್ಚಿ ಡಬ್ಬವನ್ನು ಬೆನ್ನ ಹಿಂದೆ ಉದ್ದಕ್ಕೆ ಇಳಿಬಿಟ್ಟುಕೊಂಡ, ಚೀಲದ ಪಟ್ಟಿಯ ತುದಿ ಹಿಡಿದುಕೊಂಡ. ಅವಳು ದಿಕ್ಸೂಚಿಯನ್ನು ಕೈ ಚಾಚಿ ಆದಷ್ಟು ಮುಂದೆ ಹಿಡಿದಳು. ಸ್ವಲ್ಪ ದೂರ ಹೋದ ಮೇಲೆ ಅಂಗಾಲಿಗೆ ಏನೋ ಚುರುಕ್ಕೆಂದು ಕೊಯ್ಯಿತು. ಚಿಪ್ಪು! ಕಾಲು ಕೊಯ್ದುಕೊಂಡದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನೀವು ಕಂಡಿರಲಿಕ್ಕಿಲ್ಲ. ರಕ್ತ ಸುರಿಸಿಕೊಂಡೇ ದಿಬ್ಬ ದಾಟಿದರು. ಕೊನೆಯ ಸಣ್ಣ ತೋಡಿನಲ್ಲಿ ನೀರು ಅವಳ ಎದೆಗೆ ಬಂತು, ಅವನು ಅವಳ ಕೋಟಿನ ಕಾಲರು ಹಿಡಿದು ದಾಟಿಸಿದ. ಆಗ ಎಲ್ಲೋ ಮುಂದೆ ಟಣ್, ಟಣ್, ಟಣ್ ಎಂದು ಕೇಳಿತು. ವೀಬ್ಕೆಯ ಹಾಲಿನ ಕ್ಯಾನು.

ವೀಬ್ಕೆ ಮರದ ಸೌಟು ಮುರಿಯುವವರೆಗೆ ಬಡಿದಿದ್ದಳು. ಇಬ್ಬರನ್ನೂ ಒಲೆಯ ಮುಂದೆ ಕೂರಿಸಿ, ಚಹಾಕ್ಕೆ ರಮ್ ಹೊಯ್ದು ಕೊಟ್ಟಳು. ತಾಲ್ಕೆಗೆ ಬಟ್ಟಲು ಹಿಡಿಯಲಾಗಲಿಲ್ಲ. ವೀಬ್ಕೆ ನೋಡಿದಳು, ಬಟ್ಟಲನ್ನು ತಾನೇ ಅವಳ ಬಾಯಿಗೆ ಹಿಡಿದಳು. ಆಮೇಲೆ ಚೀಲ ಬಿಚ್ಚಿ, “ಗಂಡನ ಗುಳಿಗೆ ಒಣಗೇ ಇದೆ, ನನ್ನ ಬೀಜದ ಪಟ್ಟಿ ಮಾತ್ರ ಗಂಜಿ ಆಗಿದೆ. ದೂರು ಕೊಡ್ತೀನಿ ನಿನ್ನ ಮೇಲೆ,” ಎಂದು ಅಳುತ್ತ ನಕ್ಕಳು.

ಇಷ್ಟೇ ಆಗಿದ್ದರೆ ತಾಲ್ಕೆ ಚೀಲವನ್ನು ನೆಮ್ಮದಿಯಿಂದ ಬಿಟ್ಟುಕೊಡುತ್ತಿದ್ದಳೋ ಏನೋ. ಆದರೆ ಟೋರ್ಬೆನ್ ಇದ್ದಾನಲ್ಲ! ಊರಿಗೆ ಬಂದ ಎರಡನೇ ದಿನಕ್ಕೇ ಅದನ್ನೊಂದು ತಮಾಷೆಯ ಕಥೆ ಮಾಡಿಬಿಟ್ಟ. ಹೋಟೆಲಿನಲ್ಲಿ ಬಿಯರ್ ಗ್ಲಾಸು ಹಿಡಿದು, ಹುಂಜ ಕೂಗಿದ ಹಾಗೆ ಕೂಗಿ, ತಾಲ್ಕೆ ಬೈದ ಹಾಗೆ ಬೈದು, ಎಲ್ಲರನ್ನೂ ನಗಿಸಿದ. ಹಾರ್ಕ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮೂಲೆಯಲ್ಲಿ ಕೂತ ತಾಲ್ಕೆ ಮಾತ್ರ ನಗಲಿಲ್ಲ. ಇವನಿಗೆ ಹೆದರಿಕೆ ಹತ್ತಲೇ ಇಲ್ಲವಲ್ಲ, ಕಡಲ ಬಾಯೊಳಗೆ ಹೋಗಿ ಬಂದರೂ ಹತ್ತಲಿಲ್ಲವಲ್ಲ ಎಂದುಕೊಂಡು ತನ್ನ ಗ್ಲಾಸನ್ನು ದೂರ ಸರಿಸಿದಳು. ಆಮೇಲೆ ಆರು ಸಲ ಅವನ ಜೊತೆ ನಡೆದಳು. ಆರೂ ಸಲ ಅವನು ಶಿಳ್ಳೆ ಹಾಕುತ್ತಲೇ ಬಂದ. ಅವಳು ಚೀಲ ಬಿಡಬೇಕೆಂದು ಕಚೇರಿಯವರು ಗೊತ್ತುಮಾಡಿದ ದಿನ ಬಂದೇ ಬಂತು. ಅಂದಿನಿಂದ ಅವನೊಬ್ಬನೇ.

ಆ ಬೆಳಿಗ್ಗೆ ತಾಲ್ಕೆಗೆ ಏರಿಗೆ ಹೋಗುವ ಕೆಲಸವಿರಲಿಲ್ಲ. ಆದರೂ ಹೋದಳು. ಟೋರ್ಬೆನ್ ಮೆಟ್ಟಿಲ ಹತ್ತಿರ ಕಾದಿದ್ದ. ಬೆಣ್ಣೆ ಬಣ್ಣದ ಡಬ್ಬ ಅವನ ಎದೆಯ ಮೇಲಿರಲಿಲ್ಲ. ಮೂರು ಮಾರು ಹಗ್ಗದ ತುದಿಗೆ ಪುಟ್ಟದೊಂದು ಹಲಗೆ ಕಟ್ಟಿ ಅದರ ಮೇಲೆ ಕೂರಿಸಿದ್ದ, ನಾಯಿಯ ಹಾಗೆ ಹಿಂದಿನಿಂದ ಎಳೆದುಕೊಂಡು ಹೋಗಲು. ಅವಳು ದಿಕ್ಸೂಚಿಯನ್ನು ಅವನ ಕೊರಳಿಗೆ ಹಾಕಿದಳು. ಹಾಕಿದ ಕೈ ದಾರ ಬಿಡಲಿಲ್ಲ.

“ಒಂದು ಮಾತು ಹೇಳ್ಬೇಕು ನಿನಗೆ. ಅವತ್ತು ಹುಂಜ ನಿಂತಾಗ ನಾನು ತಕ್ಷಣ ತಿರುಗಲಿಲ್ಲ. ಬಿಟ್ಟು ಹೊರಟಿದ್ದೆ. ಮೂರು ಹೆಜ್ಜೆ ಮುಂದೆ ಹೋಗಿದ್ದೆ.”

ಟೋರ್ಬೆನ್ ಕೆಸರುಬಯಲಿನ ಕಡೆ ತಿರುಗಿದ. ಮೊದಲ ಸಲ ಅವನ ಬಾಯಲ್ಲಿ ತಮಾಷೆ ಇರಲಿಲ್ಲ.

“ಗೊತ್ತು. ಎಣಿಸ್ತಾ ಇದ್ದೆ,” ಎಂದ. “ನಾಲ್ಕನೇದಕ್ಕೆ ಕಾಯ್ತಿದ್ದೆ. ಅದು ಬರಲಿಲ್ಲ.”

ಇಷ್ಟು ಹೇಳಿ ಗುಂಡಿ ಒತ್ತಿದ. ಕೆಸರು ಕುಡಿದಂದಿನಿಂದ ಹುಂಜದ ಗಂಟಲು ಗೊಗ್ಗರಾಗಿತ್ತು. ಕೆಮ್ಮಿದ ಹಾಗೆ ಕೂಗಿತು. ಅವನು ಇಳಿದು ನಡೆದ, ಹಿಂದೆ ಹಲಗೆ ಜಾರುತ್ತ ಹೋಯಿತು. ಬಿಸಿಲಿತ್ತು, ಮಂ­ಜಿನ ಸುಳಿವೂ ಇರಲಿಲ್ಲ, ಆದರೂ ತಾಲ್ಕೆ ಅವನ ಬೆನ್ನಿನಿಂದ ಕಣ್ಣು ತೆಗೆಯಲಿಲ್ಲ. ತಾನು ನಡೆಯುವುದಕ್ಕಿಂತ ಇನ್ನೊಬ್ಬರು ನಡೆಯುವುದನ್ನು ನೋಡುವುದು ಇಷ್ಟು ಭಯಂಕರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೂಗು ಕೇಳುವವರೆಗೂ ನಿಂತಳು. ಕೇಳಿಸದಾದಾಗ ಹೊಟ್ಟೆ ತೊಳಸಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದು, ಅಭ್ಯಾಸದ ಕಾಲಿನಲ್ಲಿ ಕುರಿಕೊಟ್ಟಿಗೆಯ ಹಿಂದಕ್ಕೆ ಓಡಿದಳು.

ಅವಳ ಮಾಮೂಲಿ ಜಾಗದಲ್ಲಿ, ಬೇಲಿಯ ಗೂಟದ ಬುಡದಲ್ಲಿ, ಆಗಲೇ ಯಾರೋ ಬಂದು ಹೋಗಿದ್ದರು. ಕಂದು ರೊಟ್ಟಿ, ಹೆರಿಂಗ್ ಮೀನು, ಕಾಫಿ, ಎಲ್ಲ ಈಗಷ್ಟೇ ಕಕ್ಕಿದ್ದು. ಪಕ್ಕದಲ್ಲಿ ಉದ್ದ ಕಾಲಿನ ಬರಿ ಹೆಜ್ಜೆಗಳು ಮೆಟ್ಟಿಲ ಕಡೆಗೆ ಹೋಗಿದ್ದವು. ಮೂಲೆಯಾಚೆ, ಅವಳು ಎಂದೂ ಹೋಗಿ ನೋಡದ ಇನ್ನೊಂದು ಗೂಟದ ಬುಡದಲ್ಲಿ, ಹಳೆಯದೂ ಇತ್ತು, ಮೊನ್ನೆಯದು, ಅದರ ಹಿಂದಿನದು.

ತಾಲ್ಕೆ ಗೂಟ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತಳು. ಕುರಿಗಳು ಬೇಲಿಯಾಚೆಯಿಂದ ಅವಳನ್ನು ನೋಡುತ್ತಿದ್ದವು.

“ಗೊತ್ತಿದ್ರೂ ಒಂದು ಮಾತು ಹೇಳ್ಲಿಲ್ಲ ನೋಡಿ ನೀವು,” ಎಂದು ಅವುಗಳಿಗೆ ಬೈದಳು. ಆಮೇಲೆ ಸೆರಗಿಲ್ಲದ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡಳು. “ಬದುಕ್ತಾನೆ ಕಣ್ರೇ ಇವನು. ಬದುಕ್ತಾನೆ.”